ಗ್ಯಾರೇಜ್ ಇಲ್ಲದ ಫ್ಲಾಟ್‌ನಲ್ಲಿ ಪೊರಕೆ, ಮಾಪ್, ಏಣಿ ಎಲ್ಲಿಡೋದು? ಮೆಟ್ಟಿಲಿನ ಕೆಳಗಂತೂ ಬೇಡ!

ಥಾಣೆ: ಗ್ಯಾರೇಜ್ ಗೋಡೆಗೆ ಸಾಲಾಗಿ ಕೊಕ್ಕೆ ಹೊಡೆದು ಪೊರಕೆ, ಸಲಕರಣೆಗಳನ್ನು ಅಂದವಾಗಿ ತೂಗುಹಾಕುವ ವಿಡಿಯೋಗಳು ಮೊಬೈಲ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈನ ಒನ್ ಬಿಎಚ್‌ಕೆ ಮನೆಗೆ ಗ್ಯಾರೇಜ್ ಎಲ್ಲಿಂದ ಬರಬೇಕು? ಹಾಗಾಗಿ ಹಳೆ ಬಕೆಟ್, ಏಣಿ, ಪೇಂಟ್ ಡಬ್ಬಗಳು ಮೆಟ್ಟಿಲಿನ ಕೆಳಗೆ, ಪ್ಯಾಸೇಜ್‌ನಲ್ಲಿ ಅಥವಾ ಸ್ಟಿಲ್ಟ್ ಪಾರ್ಕಿಂಗ್‌ನ ಮೂಲೆಯಲ್ಲಿ ಬಂದು ಕೂರುತ್ತವೆ. ಅಪಾಯ ಶುರುವಾಗುವುದೇ ಇಲ್ಲಿ.

ಸ್ಟಿಲ್ಟ್ ಪಾರ್ಕಿಂಗ್ ನಿಮ್ಮ ಗ್ಯಾರೇಜ್ ಅಲ್ಲ

2016ರ ರೇರಾ ಕಾಯ್ದೆ ಪ್ರಕಾರ ಗ್ಯಾರೇಜ್ ಅಂದರೆ ಛಾವಣಿ ಮತ್ತು ಮೂರು ಕಡೆ ಗೋಡೆ ಇರುವ, ವಾಹನ ನಿಲ್ಲಿಸುವ ಜಾಗ. ಕಂಬಗಳ ಮಧ್ಯೆ ಗೆರೆ ಎಳೆದ ಸ್ಟಿಲ್ಟ್ ಜಾಗ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮುಂಬೈನ ಪಾಂಚಾಲಿ ಹೌಸಿಂಗ್ ಸೊಸೈಟಿ ಪ್ರಕರಣದಲ್ಲಿ 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಕೂಡ, ಸ್ಟಿಲ್ಟ್ ಪಾರ್ಕಿಂಗ್ ಗ್ಯಾರೇಜ್ ಅಲ್ಲ, ಬಿಲ್ಡರ್ ಅದನ್ನು ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದು ತೀರ್ಪು ನೀಡಿತ್ತು. ಅಂದರೆ ಅಲ್ಲಿ ಗಾಡಿ ನಿಲ್ಲಿಸಬಹುದೇ ಹೊರತು, ಅದು ನಿಮ್ಮ ಮನೆಯ ಉಗ್ರಾಣವಲ್ಲ.

ಮಳೆಯ ಮಾತು ಬೇರೆ. 2005ರ ಜುಲೈ 26ರ ಮಹಾಮಳೆಗೆ ಕಲ್ಯಾಣ್, ಡೊಂಬಿವಲಿ ಭಾಗದಲ್ಲೂ ನೀರು ನುಗ್ಗಿತ್ತು. ತಗ್ಗಿನಲ್ಲಿರುವ ಕಟ್ಟಡಗಳಲ್ಲಿ ಕೆಳಗಿಟ್ಟ ಸಾಮಾನು ಮೊದಲು ನೆನೆಯುತ್ತದೆ.

ಮೆಟ್ಟಿಲು ಖಾಲಿ ಇರಲೇಬೇಕು, ಯಾಕೆ?

ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ. ಕೆಳಗಿಳಿಯಲು ಇರುವುದು ಮೆಟ್ಟಿಲೊಂದೇ. ಎಷ್ಟೋ ಕಟ್ಟಡಗಳಲ್ಲಿ ವಿದ್ಯುತ್ ಮೀಟರ್‌ಗಳಿರುವುದೂ ಮೆಟ್ಟಿಲಿನ ಪಕ್ಕದಲ್ಲೇ. ಅಲ್ಲಿ ಥಿನ್ನರ್, ಪೇಂಟ್, ರಟ್ಟಿನ ಪೆಟ್ಟಿಗೆ ಇಟ್ಟರೆ ಒಂದು ಕಿಡಿ ಸಾಕು. ಹೊಗೆ ಮೆಟ್ಟಿಲ ದಾರಿಯಲ್ಲೇ ಮೇಲೇರುತ್ತದೆ. ಕತ್ತಲಲ್ಲಿ, ಹೊಗೆಯಲ್ಲಿ ಓಡುವವರಿಗೆ ಒಂದು ಬಕೆಟ್ ಅಡ್ಡ ಸಿಕ್ಕರೂ ಅನಾಹುತವೇ.

ಮಹಾರಾಷ್ಟ್ರದ 2006ರ ಅಗ್ನಿ ತಡೆ ಕಾಯ್ದೆಯು ಸುರಕ್ಷತೆಯ ಹೊಣೆಯನ್ನು ಕಟ್ಟಡದ ಮಾಲೀಕರು ಮತ್ತು ವಾಸಿಸುವವರ ಮೇಲೆ ಹೊರಿಸಿದೆ. ಕಾಯ್ದೆಗೆ ಒಳಪಡುವ ಕಟ್ಟಡಗಳು ಜನವರಿ ಮತ್ತು ಜುಲೈನಲ್ಲಿ, ಬೆಂಕಿ ನಂದಿಸುವ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರ ಸಲ್ಲಿಸಬೇಕು.

ಹಾಗಾದರೆ ಎಲ್ಲಿ ತೂಗುಹಾಕಬೇಕು?

ಮೊದಲು ಸಾಮಾನು ವಿಂಗಡಿಸಿ. ದಿನಾ ಬೇಕಾದದ್ದು ಕೈಗೆ ಸಿಗುವಲ್ಲಿ, ವರ್ಷಕ್ಕೊಮ್ಮೆ ಬೇಕಾದದ್ದು ಅಟ್ಟದಲ್ಲಿ, ಉಳಿದದ್ದು ಗುಜರಿಗೆ.

* ಡ್ರೈ ಬಾಲ್ಕನಿ: ವಾಷಿಂಗ್ ಮಷಿನ್ ಇಡುವ ಈ ಜಾಗವೇ ಒದ್ದೆ ಮಾಪ್‌ಗೆ ಸೂಕ್ತ. ಹಿಂಡಿ, ಬಟ್ಟೆಯ ಭಾಗ ನೆಲಕ್ಕೆ ತಾಗದಂತೆ ತೂಗುಹಾಕಿ. ಬಕೆಟ್‌ನಲ್ಲೇ ಬಿಟ್ಟರೆ ವಾಸನೆ ಬರುತ್ತದೆ.

* ಬಾಗಿಲ ಹಿಂದೆ: ಹುಲ್ಲಿನ ಪೊರಕೆಯನ್ನು ತುದಿ ಕೆಳಗಾಗಿ ನೆಲಕ್ಕೆ ನಿಲ್ಲಿಸಿದರೆ ಬಾಗುತ್ತದೆ. ಹಿಡಿಗೆ ದಾರ ಕಟ್ಟಿ ತೂಗುಹಾಕಿ. ತೆಂಗಿನ ಕಡ್ಡಿ ಪೊರಕೆಯನ್ನು ಒಣಗಿಸದೆ ಮೂಲೆಗಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಂಡಿತ.

* ಬಾತ್‌ರೂಮ್ ಟೈಲ್ಸ್: ವೈಪರ್, ಬ್ರಷ್‌ನಂಥ ಹಗುರ ವಸ್ತುಗಳಿಗೆ ಅಂಟಿಸುವ ಕೊಕ್ಕೆ ಸಾಕು. ಟೈಲ್ಸ್ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಒಂದು ದಿನ ಬಿಟ್ಟು ಭಾರ ಹಾಕಿ. ಡಿಸ್ಟೆಂಪರ್ ಗೋಡೆಗೆ ಇದು ನಿಲ್ಲುವುದಿಲ್ಲ, ಬಣ್ಣದ ಸಮೇತ ಕಿತ್ತು ಬರುತ್ತದೆ.

* ಮಡಚುವ ಏಣಿ: ಇದಕ್ಕೆ ಅಂಟಿಸುವ ಕೊಕ್ಕೆ ಬೇಡವೇ ಬೇಡ. ಗೋಡೆಗೆ ಸ್ಕ್ರೂ ಹಾಕಿ ಬಿಗಿದ ಎರಡು ಬ್ರಾಕೆಟ್ ಮೇಲೆ ಅಡ್ಡಲಾಗಿ ಕೂರಿಸಿ.

ಡ್ರಿಲ್ ಮಾಡುವ ಮುನ್ನ ಎಚ್ಚರ

ಸ್ವಿಚ್ ಬೋರ್ಡ್‌ನ ನೇರ ಮೇಲೆ, ಕೆಳಗೆ ವಯರಿಂಗ್ ಇರಬಹುದು. ನಲ್ಲಿ ಸುತ್ತಮುತ್ತ ಪೈಪ್ ಇರುತ್ತದೆ. ಅಲ್ಲೆಲ್ಲ ತೂತು ಕೊರೆಯಬೇಡಿ. ಹೊಸ ಕಟ್ಟಡಗಳ ಹಗುರ ಬ್ಲಾಕ್ ಗೋಡೆಯಲ್ಲಿ ಸಾಮಾನ್ಯ ಪ್ಲಗ್ ಸಡಿಲವಾಗಬಹುದು. ಆ ಗೋಡೆಗೆ ಒಗ್ಗುವ ಪ್ಲಗ್ ಯಾವುದೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪಡೆಯಿರಿ.

ಇದನ್ನು ಮರೆಯಬೇಡಿ

ಟಾಯ್ಲೆಟ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಕಡೆ ಇಡಬೇಡಿ. ಎರಡೂ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಹೊರಬರುತ್ತದೆ. ಗಾಳಿಯಾಡದ ಸಣ್ಣ ಬಾತ್‌ರೂಮ್‌ನಲ್ಲಿ ಅದು ಪ್ರಾಣಕ್ಕೇ ಕುತ್ತು. ಫಿನಾಯಿಲ್ ಅನ್ನು ತಂಪು ಪಾನೀಯದ ಬಾಟಲಿಗೆ ತುಂಬಿಸಿಡುವ ಅಭ್ಯಾಸ ಬಿಡಿ, ಮಕ್ಕಳು ಕುಡಿದುಬಿಡಬಹುದು. ಇವನ್ನೆಲ್ಲ ಮಕ್ಕಳ ಕೈಗೆ ಸಿಗದಂತೆ, ಬೀಗ ಹಾಕುವ ಕಪಾಟಿನಲ್ಲಿಡಿ.

ಈ ಭಾನುವಾರ ಒಮ್ಮೆ ನಿಮ್ಮ ಮಹಡಿಯಿಂದ ಗೇಟಿನವರೆಗೆ ಮೆಟ್ಟಿಲಿಳಿದು ನೋಡಿ. ದಾರಿಯಲ್ಲಿ ನಿಮ್ಮ ಮನೆಯ ಸಾಮಾನು ಸಿಕ್ಕರೆ ಮೊದಲು ಅದನ್ನು ಎತ್ತಿ. ಕೊಕ್ಕೆ ಹೊಡೆಯುವ ಕೆಲಸ ಆಮೇಲೆ.