ಐರ್ಲೆಂಡಿನ ಶಿಶುಸಮಾಧಿ ನೆಲೆಗಳು ಮತ್ತು ಜಾನಪದ ನಂಬಿಕೆಗಳು

ಲಿಖಿತ ಇತಿಹಾಸ ದಾಖಲಿಸದ ಬದುಕನ್ನು ಕೆಲವೊಮ್ಮೆ ಸ್ಥಳೀಯ ಐತಿಹ್ಯಗಳು ಕಾಪಾಡಿಕೊಂಡು ಬಂದಿರುತ್ತವೆ. ಐರ್ಲೆಂಡಿನ ಗ್ರಾಮಾಂತರ ಪ್ರದೇಶದ ‘ಕಿಲೀನ್’ ಎಂಬ ಸಮಾಧಿನೆಲೆಗಳು ಇದಕ್ಕೆ ನಿದರ್ಶನ. ದೀಕ್ಷಾಸ್ನಾನಕ್ಕೆ ಮುನ್ನವೇ ತೀರಿಕೊಂಡ ಶಿಶುಗಳಿಗೆ ಕ್ಯಾಥೊಲಿಕ್ ಚರ್ಚಿನ ಪವಿತ್ರಭೂಮಿಯಲ್ಲಿ ಸ್ಥಳವಿರಲಿಲ್ಲ. ಅವುಗಳನ್ನು ಮನೆಯ ಗಂಡಸರು ಸಾಮಾನ್ಯವಾಗಿ ಕತ್ತಲಾದ ಮೇಲೆ ಒಯ್ದು, ಯಾವ ವಿಧಿಯೂ ಇಲ್ಲದೆ ಹೂಳುತ್ತಿದ್ದರು. ಹೆಸರಿಲ್ಲದ ಒರಟು ಕಲ್ಲು, ಕೆಲವೆಡೆ ಬಿಳಿಯ ಬೆಣಚುಕಲ್ಲು, ಇಷ್ಟೇ ಗುರುತು. ಈ ಪದ್ಧತಿ 20ನೆಯ ಶತಮಾನದ ಮಧ್ಯಭಾಗದವರೆಗೂ ಉಳಿದಿತ್ತು.

ಇದಕ್ಕಾಗಿ ಆರಿಸಿಕೊಂಡ ಸ್ಥಳಗಳು ಗಮನಾರ್ಹವಾಗಿವೆ. ಪಾಳುಬಿದ್ದ ಚರ್ಚು, ಊರಗಡಿ, ಕಡಲತೀರಗಳಲ್ಲದೆ ‘ರಾತ್’ ಅಥವಾ ‘ಲಿಸ್’ ಎನ್ನುವ ವೃತ್ತಾಕಾರದ ಮಣ್ಣಿನ ಕೋಟೆಗಳೂ ಇವುಗಳಲ್ಲಿ ಸೇರಿವೆ. ಕೆರಿ ಕೌಂಟಿಯ ಇಲಾನ್‌ಲಾಕನ್ ದ್ವೀಪದಲ್ಲಿ ಆದಿ ಮಧ್ಯಯುಗದ ಪುಟ್ಟ ಮಠದ ನಿವೇಶನವೇ ಮುಂದೆ ಶಿಶುಸಮಾಧಿಯಾಯಿತು. ಮಣ್ಣಿನ ಕೋಟೆಗಳು ವಾಸ್ತವವಾಗಿ ಆದಿ ಮಧ್ಯಯುಗದ ರೈತಮನೆಗಳ ಆವರಣಗಳೆಂದು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಜನಪದರ ದೃಷ್ಟಿಯಲ್ಲಾದರೋ ಅವು ‘ಸೀ’ ಎಂಬ ಅಗೋಚರ ಜನರ ನಿವಾಸ. ಅಲ್ಲಿನ ಮುಳ್ಳಿನ ಮರ ಕಡಿದವನಿಗೆ, ನೆಲ ಉತ್ತವನಿಗೆ ರೋಗವೋ ದನಕರುಗಳ ಸಾವೋ ತಪ್ಪದೆಂಬ ಐತಿಹ್ಯಗಳು ಹೇರಳವಾಗಿವೆ. ದೀಕ್ಷೆಯಿಲ್ಲದ ಶಿಶುವಿನ ಸಮಾಧಿಯನ್ನು ತುಳಿದವನು ಪರಿಚಿತ ಹೊಲದಲ್ಲೇ ದಾರಿ ತಪ್ಪಿ ರಾತ್ರಿಯಿಡೀ ಅಲೆಯುತ್ತಾನೆಂಬ ನಂಬಿಕೆಯೂ ಉಂಟು. ಪರಲೋಕದಲ್ಲಿ ನೆಲೆ ಕಾಣದ ಜೀವ ತನ್ನ ಅಲೆದಾಟವನ್ನು ಬದುಕಿರುವವನಿಗೆ ಹಂಚುತ್ತದೆ ಎಂಬ ಭಾವ ಇದರಲ್ಲಿ ಅಡಗಿದೆ.

1935ರಲ್ಲಿ ಸ್ಥಾಪಿತವಾದ ಐರಿಷ್ ಜಾನಪದ ಆಯೋಗವು 1937ರಿಂದ 1939ರವರೆಗೆ ಶಾಲಾಮಕ್ಕಳ ಮೂಲಕ ಹಿರಿಯರಿಂದ ಇಂತಹ ಕಥನಗಳನ್ನು ಸಂಗ್ರಹಿಸಿತು. ನೋಂದಣಿ ಪುಸ್ತಕಗಳಲ್ಲಿ ಕಾಣದ ಹಲವು ಸಮಾಧಿಗಳ ನೆಲೆಯನ್ನು ತಿಳಿಯಲು ಸಂಶೋಧಕರಿಗೆ ಮೌಖಿಕ ಸ್ಮರಣೆಯೇ ಮುಖ್ಯ ಆಧಾರವಾಗಿದೆ.

ಈ ನಂಬಿಕೆಗಳ ಕಾರ್ಯ ಎರಡು ಬಗೆಯದು. ಯಾವ ಕಾನೂನೂ ಇಲ್ಲದ ಕಾಲದಲ್ಲಿ ಭಯವೇ ಈ ನೆಲೆಗಳನ್ನು ನೇಗಿಲಿನಿಂದ ರಕ್ಷಿಸಿತು. ಭಯ ಕುಂದಿದೆಡೆ ಯಂತ್ರಗಳು ಎಷ್ಟೋ ಕೋಟೆಗಳನ್ನು ನೆಲಸಮ ಮಾಡಿದವು. ಆದರೆ ಅದೇ ಭಯ ತಾಯಂದಿರ ದುಃಖವನ್ನು ಮೌನಕ್ಕೆ ತಳ್ಳಿತೆಂಬುದನ್ನೂ ಮರೆಯಲಾಗದು. ದೀಕ್ಷೆಯಿಲ್ಲದೆ ಸತ್ತ ಶಿಶುಗಳ ಸದ್ಗತಿಯ ಬಗೆಗೆ ಆಶಿಸಲು ಆಧಾರವಿದೆಯೆಂದು ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ 2007ರಲ್ಲಿ ಪ್ರಕಟಿಸಿತು. ಇತ್ತೀಚಿನ ದಶಕಗಳಲ್ಲಿ ಹಲವು ಊರುಗಳ ಜನ ಕಿಲೀನ್‌ಗಳನ್ನು ಪವಿತ್ರಗೊಳಿಸಿ ಸ್ಮಾರಕಶಿಲೆ ನೆಟ್ಟಿದ್ದಾರೆ. ಹೀಗೆ ಭಯದಿಂದ ಉಳಿದುಬಂದ ನೆಲ ಈಗ ಸ್ಮರಣೆಯ ನೆಲವಾಗುತ್ತಿದೆ.