ಜಗುಲಿ ಮತ್ತು ಒಳಮನೆ
ಐಸ್‌ಲೆಂಡಿನ ಜನಸಂಖ್ಯೆ ಸುಮಾರು 4 ಲಕ್ಷ. ಆದರೂ ಅದಕ್ಕೆ 1911ರಲ್ಲಿ ಸ್ಥಾಪಿತವಾದ ಸ್ವಂತ ವಿಶ್ವವಿದ್ಯಾನಿಲಯವಿದೆ. ರೇಕ್ಯಾವಿಕ್ ನಗರದ ಆ ವಿದ್ಯಾಲಯದಲ್ಲಿ ಓದುತ್ತಿದ್ದಾಗ ನನಗೆ ಇಂಗ್ಲಿಷೊಂದರಿಂದಲೇ ದಿನ ಸಾಗುತ್ತಿತ್ತು. ಅವರ ನುಡಿಯಲ್ಲಿ ತೊದಲಿದರೆ ಅಂಗಡಿಯವರೂ ಇಂಗ್ಲಿಷಿಗೆ ಹೊರಳುತ್ತಿದ್ದರು. ಸೌಜನ್ಯವೇನೋ ನಿಜ, ಆದರೆ ಅತಿಥಿಯನ್ನು ಜಗುಲಿಯಲ್ಲೇ ಕೂರಿಸುವ ಸೌಜನ್ಯ. ಒಳಮನೆಗೆ ದಾರಿ ಅವರ ನುಡಿಯೊಂದೇ.

ಆ ನುಡಿಯನ್ನು ಅವರು ಕಾಪಾಡುವ ಬಗೆ ದೊಡ್ಡದು. ಹೊಸ ವಸ್ತು ಬಂದರೆ ಹಳೆಯ ಬೇರಿನಿಂದ ಪದ ಕಟ್ಟುತ್ತಾರೆ. ಕಂಪ್ಯೂಟರಿಗೆ ‘ಟೋಲ್ವ’ ಎನ್ನುತ್ತಾರೆ. ಅದು ಸಂಖ್ಯೆ, ಕಣಿ ಹೇಳುವವಳು ಎಂಬೆರಡು ಮಾತುಗಳ ಬೆಸುಗೆ. ಆ ನಾಲ್ಕು ಲಕ್ಷ ಜನ ಹೀಗೆ ದುಡಿಯದಿದ್ದರೆ ಆ ನುಡಿಗೆ ಬೇರೆ ದಿಕ್ಕಿಲ್ಲ. ಕೋಟಿಗಟ್ಟಲೆ ಜನರಾಡುವ ಕನ್ನಡದಿಂದ ಹೋದ ನನಗೆ, ನುಡಿ ಬಾಳುವುದು ಬಳಕೆಯಿಂದ ಎಂಬುದು ಅಲ್ಲಿ ಮನದಟ್ಟಾಯಿತು.