ಅಂಕ ಕುಂದಿದವರಿಗೆ ದಂತವೈದ್ಯದ ದಾರಿ

ದಂತವೈದ್ಯವು ಗುರುವಿನ ಮನೆಯಲ್ಲಿ ಕೈಕೆಲಸವಾಗಿ ಕಲಿಯುವ ವಿದ್ಯೆಯಾಗಿದ್ದುದು ಹೋಗಿ, ಕಾಲೇಜಿನಲ್ಲಿ ಕ್ರಮಬದ್ಧವಾಗಿ ಅಭ್ಯಸಿಸುವ ಶಾಸ್ತ್ರವಾದುದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ಹೊರೇಸ್ ಹೇಡನ್ ಮತ್ತು ಚಾಪಿನ್ ಹ್ಯಾರಿಸ್ ಎಂಬ ಇಬ್ಬರು 1840ರಲ್ಲಿ ಅಲ್ಲಿ ಸ್ಥಾಪಿಸಿದ ದಂತವೈದ್ಯ ಕಾಲೇಜು ಜಗತ್ತಿನಲ್ಲೇ ಮೊದಲನೆಯದು. ಇಂದು ಆ ದೇಶದಲ್ಲಿ ಎಪ್ಪತ್ತಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿವೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಲ್ಲಿಯೂ ಈ ವಿದ್ಯೆಯನ್ನು ಬಯಸುವವರಿದ್ದಾರೆ. ಬಯಕೆ ಇದ್ದು ಅಂಕ ಇಲ್ಲದಿದ್ದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಮನೆಗಳಲ್ಲಿ ಪಿಸುಮಾತಿನಲ್ಲಿ ಕೇಳುವುದೇ ಹೆಚ್ಚು. ನೆಂಟರಿಷ್ಟರ ಮುಂದೆ ಮಗನ ಅಥವಾ ಮಗಳ ಅಂಕದ ಮಾತು ಬಂದರೆ ಹಿರಿಯರು ಮಾತು ಮರೆಸುತ್ತಾರೆ. ಮಕ್ಕಳು ತಲೆ ತಗ್ಗಿಸುತ್ತಾರೆ. ಮುಚ್ಚಿಟ್ಟ ಹುಣ್ಣು ಮಾಯುವುದಿಲ್ಲವಾದ್ದರಿಂದ ಈ ವಿಷಯವನ್ನು ಬಿಚ್ಚಿ ವಿವೇಚಿಸುವುದು ಲೇಸೆಂದು ನಾವು ಭಾವಿಸಿದ್ದೇವೆ.

ನಮ್ಮ ನಾಡಿಗೂ ಆ ನಾಡಿಗೂ ಇರುವ ಅಂತರ

ನಮ್ಮಲ್ಲಿ ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿ.ಡಿ.ಎಸ್. ತರಗತಿ ಸೇರುತ್ತಾನೆ. ಅಮೆರಿಕದಲ್ಲಿ ಕ್ರಮ ಬೇರೆ. ಅಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷ ಪದವಿ ವ್ಯಾಸಂಗ ಮಾಡಿ, ಅದರಲ್ಲಿ ಜೀವಶಾಸ್ತ್ರ, ಸಾಮಾನ್ಯ ಮತ್ತು ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ ಮುಂತಾದ ವಿಷಯಗಳನ್ನು ಪ್ರಯೋಗಶಾಲೆಯ ಸಹಿತ ಕಲಿತು, ಬಳಿಕ ದಂತವೈದ್ಯ ಕಾಲೇಜಿಗೆ ಅರ್ಜಿ ಹಾಕಬೇಕು. ಅಲ್ಲಿಯೂ ಬಹುಮಟ್ಟಿಗೆ ನಾಲ್ಕು ವರ್ಷ. ಕೆಲವು ಕಾಲೇಜುಗಳು ಡಿ.ಡಿ.ಎಸ್. ಎಂದೂ ಕೆಲವು ಡಿ.ಎಂ.ಡಿ. ಎಂದೂ ಪದವಿ ನೀಡುತ್ತವೆ. ಹೆಸರು ಎರಡಾದರೂ ಅಧಿಕಾರ ಒಂದೇ.

ಇದರ ಪರಿಣಾಮವನ್ನು ಪಾಲಕರು ಗಮನಿಸಬೇಕು. ಹದಿನೆಂಟನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಗಿನ ವಸತಿಗೃಹ ಸೇರಿದ ಮಗು ಮೊದಲ ವರ್ಷ ಎಡವಿದರೆ, ಆ ಎಡವಿದ ಗುರುತು ಇಪ್ಪತ್ತೆರಡನೆಯ ವಯಸ್ಸಿನ ಅರ್ಜಿಯಲ್ಲಿಯೂ ಉಳಿದಿರುತ್ತದೆ. ಅಲ್ಲಿ ಶ್ರೇಣಿಯನ್ನು ಎ, ಬಿ, ಸಿ, ಡಿ ಎಂದು ನೀಡಿ, ಎ ಎಂಬುದಕ್ಕೆ 4, ಬಿ ಎಂಬುದಕ್ಕೆ 3, ಸಿ ಎಂಬುದಕ್ಕೆ 2 ಎಂಬಂತೆ ಅಂಕ ಕಟ್ಟಿ ಸರಾಸರಿ ತೆಗೆಯುತ್ತಾರೆ. ಇದನ್ನೇ ಜಿ.ಪಿ.ಎ. ಎನ್ನುವುದು. ದಂತವೈದ್ಯ ಕಾಲೇಜು ಸೇರುವವರ ಸರಾಸರಿ ಈಚಿನ ವರ್ಷಗಳಲ್ಲಿ 3.6ರ ಆಸುಪಾಸಿನಲ್ಲಿದೆ. ಮೂರಕ್ಕಿಂತ ಕೆಳಗಿದ್ದವರನ್ನು ದುರ್ಬಲ ಅಭ್ಯರ್ಥಿಗಳೆಂದೇ ಎಣಿಸುವುದು ವಾಡಿಕೆ.

ಲೆಕ್ಕದ ನಿಷ್ಠುರತೆ

ಬಹುತೇಕ ಕಾಲೇಜುಗಳಿಗೆ ಅರ್ಜಿ ಹೋಗುವುದು ಎ.ಎ.ಡಿ.ಎಸ್.ಎ.ಎಸ್. ಎಂಬ ಕೇಂದ್ರ ವ್ಯವಸ್ಥೆಯ ಮೂಲಕ. ವಿದ್ಯಾರ್ಥಿ ಓದಿದ ಪ್ರತಿಯೊಂದು ಕಾಲೇಜಿನ ಅಂಕಪಟ್ಟಿಯೂ ಅದಕ್ಕೆ ಸಲ್ಲಬೇಕು. ಒಂದು ವಿಷಯದಲ್ಲಿ ಕಡಿಮೆ ಶ್ರೇಣಿ ಬಂದು, ಮತ್ತೆ ಅದನ್ನೇ ಓದಿ ಎ ಪಡೆದರೆ ಹಳೆಯದು ಅಳಿದುಹೋಗುವುದೆಂದು ಹಲವರು ತಿಳಿದಿದ್ದಾರೆ. ವಿದ್ಯಾರ್ಥಿ ಓದಿದ ಕಾಲೇಜು ತನ್ನ ಪಟ್ಟಿಯಲ್ಲಿ ಹಾಗೆ ಮಾಡಬಹುದು. ಕೇಂದ್ರ ವ್ಯವಸ್ಥೆಯಾದರೋ ಹಳೆಯದನ್ನೂ ಹೊಸದನ್ನೂ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಉದಾಹರಣೆಗೆ, ಒಬ್ಬ ವಿದ್ಯಾರ್ಥಿನಿ 120 ಕ್ರೆಡಿಟ್ಟುಗಳ ಪದವಿಯನ್ನು 2.8 ಸರಾಸರಿಯಲ್ಲಿ ಮುಗಿಸಿದ್ದಾಳೆ ಎನ್ನೋಣ. ಅವಳ ಒಟ್ಟು ಗಳಿಕೆ 336. ಮುಂದೆ ಒಂದು ವರ್ಷ 30 ಕ್ರೆಡಿಟ್ಟುಗಳಷ್ಟು ವಿಜ್ಞಾನ ವಿಷಯಗಳನ್ನು ಓದಿ ಎಲ್ಲದರಲ್ಲಿಯೂ ಎ ಪಡೆದರೆ 120 ಕೂಡುತ್ತದೆ. ಆಗ 150 ಕ್ರೆಡಿಟ್ಟುಗಳಿಗೆ 456, ಸರಾಸರಿ 3.04 ಮಾತ್ರ. ಎರಡನೆಯ ವರ್ಷವೂ ಹಾಗೆಯೇ ಓದಿದರೆ 3.2. ಎರಡು ವರ್ಷ ಕಳಂಕವಿಲ್ಲದೆ ದುಡಿದರೂ ಮೊತ್ತ ಇಷ್ಟೇ ಏರುತ್ತದೆ. ತುಂಬಿದ ಕೆರೆಗೆ ಸುರಿದ ಹೊಸ ನೀರು ಬೇಗ ಬಣ್ಣ ಬದಲಿಸದು.

ಇದನ್ನು ಕೇಳಿ ಎದೆಗುಂದಬೇಕಾಗಿಲ್ಲ. ಆ ಅರ್ಜಿಯಲ್ಲಿ ಒಟ್ಟು ಸರಾಸರಿಯ ಜೊತೆಗೆ ವಿಜ್ಞಾನದ ಸರಾಸರಿಯೂ, ವರ್ಷವಾರು ಸರಾಸರಿಯೂ ಬೇರೆ ಬೇರೆಯಾಗಿ ಕಾಣುತ್ತವೆ. ಮೊದಲ ವರ್ಷ 2.3, ಎರಡನೆಯದು 2.7, ಕೊನೆಯದು 3.8 ಎಂದು ಏರುತ್ತ ಹೋದ ಪಟ್ಟಿಗೂ, 3.4ರಿಂದ 2.3ಕ್ಕೆ ಜಾರಿದ ಪಟ್ಟಿಗೂ ಪರಿಶೀಲಕರು ಒಂದೇ ಅರ್ಥ ಮಾಡುವುದಿಲ್ಲ. ಅವರಿಗೆ ಬೇಕಾದ ಉತ್ತರ ಒಂದೇ: ಈ ವ್ಯಕ್ತಿ ನಮ್ಮ ಪಾಠದ ಭಾರವನ್ನು ತಾಳಬಲ್ಲನೇ? ದಂತವೈದ್ಯದ ಮೊದಲ ಎರಡು ವರ್ಷಗಳಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನ, ರೋಗಶಾಸ್ತ್ರಗಳು ಒಟ್ಟೊಟ್ಟಿಗೆ ಬಂದು ಬೀಳುತ್ತವೆ. ಆ ಭಾರಕ್ಕೆ ಕುಸಿದವನು ಸಾಲವನ್ನೂ ಹೊತ್ತು, ಪದವಿಯೂ ಇಲ್ಲದೆ ಹೊರಬರಬೇಕಾಗುತ್ತದೆ. ಆದುದರಿಂದ ಅಂಕ ಕೇಳುವುದರಲ್ಲಿ ನಿರ್ದಯೆ ಇಲ್ಲ, ವಿವೇಕವಿದೆ.

ಮೊದಲು ನಿದಾನ, ಬಳಿಕ ಚಿಕಿತ್ಸೆ

ವೈದ್ಯನು ರೋಗದ ಮೂಲ ಅರಿಯದೆ ಔಷಧ ಕೊಡುವುದಿಲ್ಲ. ಅಂಕ ಕುಂದಿದ್ದಕ್ಕೂ ಮೂಲವನ್ನು ಅರಿಯಬೇಕು. ಓದುವ ಕ್ರಮವೇ ತಿಳಿಯದಿರುವುದು, ಹಣಕ್ಕಾಗಿ ವಾರದಲ್ಲಿ ಹಲವು ಗಂಟೆ ದುಡಿಯಬೇಕಾದುದು, ಕಾಯಿಲೆ, ಮನೆಯಲ್ಲಿನ ಸಾವು ನೋವು, ಮನಸ್ಸಿನ ಖಿನ್ನತೆ, ಇಷ್ಟವಿಲ್ಲದ ವಿಷಯವನ್ನು ಹಿರಿಯರ ಒತ್ತಾಯಕ್ಕೆ ಆರಿಸಿದುದು, ಇವು ಒಂದೊಂದಕ್ಕೂ ಬೇರೆ ಬೇರೆ ಮದ್ದು. ಮೂಲ ಹಾಗೆಯೇ ಉಳಿದು ಮತ್ತೆ ತರಗತಿಗೆ ಸೇರಿಸಿದರೆ ಎರಡನೆಯ ಸಲವೂ ಅದೇ ಫಲ. ಎರಡನೆಯ ಸಲದ ಸೋಲು ಮೊದಲನೆಯದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಏಕೆಂದರೆ ಆಗ ಅನುಭವ ಕಡಿಮೆ ಎಂಬ ಸಮಾಧಾನ ಉಳಿಯುವುದಿಲ್ಲ.

ಮೂಲ ತಿಳಿದು ಸರಿಪಡಿಸಿಕೊಂಡ ಮೇಲೆ ಎರಡು ದಾರಿಗಳಿವೆ. ಮೊದಲನೆಯದು, ಪದವಿಯ ಬಳಿಕ ಮತ್ತೆ ಪದವಿ ಮಟ್ಟದ ವಿಜ್ಞಾನ ವಿಷಯಗಳನ್ನು ಓದುವುದು. ಸಿ ಶ್ರೇಣಿಗಿಂತ ಕೆಳಗೆ ಬಂದ ಅಗತ್ಯ ವಿಷಯಗಳನ್ನು ಮರಳಿ ಓದಲೇಬೇಕು. ಉಳಿದಂತೆ ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಶರೀರಕ್ರಿಯಾಶಾಸ್ತ್ರದಂಥ ಮೇಲ್ಮಟ್ಟದ ಹೊಸ ವಿಷಯಗಳಲ್ಲಿ ಎ ಪಡೆಯುವುದು ಹೆಚ್ಚು ಬೆಲೆಯುಳ್ಳದ್ದು. ಒಂದೊಂದೇ ವಿಷಯವನ್ನು ಬಿಡಿಬಿಡಿಯಾಗಿ ಓದುವುದಕ್ಕಿಂತ, ಮೂರು ನಾಲ್ಕು ಕಠಿಣ ವಿಷಯಗಳನ್ನು ಒಂದೇ ಅವಧಿಯಲ್ಲಿ ನಿಭಾಯಿಸಿ ತೋರಿಸಿದರೆ ತಾಳುವ ಶಕ್ತಿಗೆ ಸಾಕ್ಷಿ ದೊರೆಯುತ್ತದೆ.

ಎರಡನೆಯದು, ಈ ಉದ್ದೇಶಕ್ಕೆಂದೇ ಇರುವ ಸ್ನಾತಕೋತ್ತರ ತರಗತಿ. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿರುವ ಬಾಯಿಯ ಆರೋಗ್ಯ ವಿಜ್ಞಾನದ ಎಂ.ಎಸ್. ಇದಕ್ಕೊಂದು ನಿದರ್ಶನ. ಇಂಥ ತರಗತಿಗಳ ಪಾಠವು ವೃತ್ತಿ ಕಾಲೇಜಿನ ಪಾಠದ ಮಟ್ಟಕ್ಕೆ ಹತ್ತಿರವಾಗಿರುವುದರಿಂದ ಇಲ್ಲಿ ಗೆದ್ದವನ ಮಾತಿಗೆ ತೂಕವಿದೆ. ಆದರೆ ಇದು ಎರಡಲಗಿನ ಕತ್ತಿ. ಇಲ್ಲಿಯ ಅಂಕ ಸ್ನಾತಕೋತ್ತರ ಸರಾಸರಿಯಾಗಿ ಬೇರೆಯೇ ನಿಲ್ಲುತ್ತದೆ, ಹಳೆಯ ಪದವಿಯ ಸರಾಸರಿಯನ್ನು ಏರಿಸುವುದಿಲ್ಲ, ಖರ್ಚೂ ಅಧಿಕ, ಇಲ್ಲಿಯೂ ಸೋತರೆ ಮುಂದಿನ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಓದುವ ಕ್ರಮ ಹದಕ್ಕೆ ಬಂದಿದೆಯೆಂದು ಮೊದಲ ದಾರಿಯಲ್ಲಿ ಖಚಿತಪಡಿಸಿಕೊಂಡವರು ಮಾತ್ರ ಇದಕ್ಕೆ ಕೈಹಾಕುವುದು ಕ್ಷೇಮ.

ಪರೀಕ್ಷೆ, ಸೇವೆ, ಬರವಣಿಗೆ

ಎಲ್ಲ ಕಾಲೇಜುಗಳ ಅಂಕವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದ ಕಾರಣ ಡಿ.ಎ.ಟಿ. ಎಂಬ ಸಮಾನ ಪರೀಕ್ಷೆ ಇದೆ. ಜೀವಶಾಸ್ತ್ರದಲ್ಲಿ 40, ಎರಡು ಬಗೆಯ ರಸಾಯನಶಾಸ್ತ್ರಗಳಲ್ಲಿ ತಲಾ 30 ಪ್ರಶ್ನೆಗಳು, ಜೊತೆಗೆ ಆಕಾರ ಗ್ರಹಣ ಶಕ್ತಿಯ 90 ಪ್ರಶ್ನೆಗಳು, ವಾಚನ ಗ್ರಹಿಕೆ ಮತ್ತು ಗಣಿತ ಇದರಲ್ಲಿರುತ್ತವೆ. 30ರವರೆಗಿದ್ದ ಹಳೆಯ ಅಂಕಕ್ರಮ ಹೋಗಿ, 2025ರ ಮಾರ್ಚ್‌ನಿಂದ 200ರಿಂದ 600ರವರೆಗಿನ ಕ್ರಮ ಬಂದಿದೆ. ಹಳೆಯ ಪುಸ್ತಕಗಳನ್ನೋ ಹಿಂದೆ ಬರೆದವರ ಮಾತನ್ನೋ ನೆಚ್ಚುವವರು ಈ ಬದಲಾವಣೆಯನ್ನು ನೆನಪಿಡಬೇಕು. ಪದವಿಯಲ್ಲಿ ಹಿಂದುಳಿದವನು ಇಲ್ಲಿ ಎತ್ತರದ ಅಂಕ ಪಡೆದರೆ ವಿಷಯಜ್ಞಾನವಿದೆ ಎಂಬುದು ಸಿದ್ಧವಾಗುತ್ತದೆ. ಆದರೂ ಒಂದು ದಿನದ ಪರೀಕ್ಷೆ ನಾಲ್ಕು ವರ್ಷದ ಸಡಿಲತೆಯನ್ನು ಪೂರ್ತಿ ತೊಳೆಯದು. ಎರಡೂ ಕೂಡಿ ಬರಬೇಕು.

ದಂತವೈದ್ಯರ ಬಳಿ ಕುಳಿತು ಅವರ ದಿನಚರಿ ನೋಡುವುದನ್ನು ಕಾಲೇಜುಗಳು ಅಪೇಕ್ಷಿಸುತ್ತವೆ. ಸುಮಾರು ನೂರು ಗಂಟೆಗಳೆಂಬುದು ಸಾಮಾನ್ಯವಾಗಿ ಕೇಳಿಬರುವ ಅಳತೆ. ಇದನ್ನು ಬರಿಯ ಗಂಟೆ ತುಂಬಿಸುವ ಕ್ರಿಯೆ ಎಂದು ತಿಳಿಯಬಾರದು. ಬೆನ್ನು ಬಗ್ಗಿಸಿ ಕಿರಿದಾದ ಬಾಯಿಯೊಳಗೆ ದಿನವಿಡೀ ಕೆಲಸ ಮಾಡುವ ವೃತ್ತಿ ತನಗೆ ಒಗ್ಗುವುದೇ ಎಂದು ಅಲ್ಲಿಯೇ ತಿಳಿಯಬೇಕು. ಒಗ್ಗದೆಂದು ತಿಳಿದರೆ ಅದೂ ಲಾಭವೇ.

ಅರ್ಜಿಯೊಡನೆ 4500 ಅಕ್ಷರಗಳ ಮಿತಿಯಲ್ಲಿ ಒಂದು ಆತ್ಮನಿವೇದನೆ ಬರೆಯಬೇಕು. ಕಡಿಮೆ ಅಂಕದ ಮಾತನ್ನು ಅಲ್ಲಿ ಎರಡು ಮೂರು ವಾಕ್ಯಗಳಲ್ಲಿ ನೇರವಾಗಿ ಹೇಳಿ, ಏನು ಬದಲಾಯಿಸಿಕೊಂಡೆನೆಂದು ತಿಳಿಸಿ ಮುಂದೆ ಸಾಗುವುದು ಯೋಗ್ಯ. ಅಧ್ಯಾಪಕರನ್ನು ದೂರುವುದು, ದೀರ್ಘವಾಗಿ ಗೋಳಾಡುವುದು ತರವಲ್ಲ. ಯಾವುದೋ ಒಂದು ಕಾಲೇಜಿನ ಅಂಕಪಟ್ಟಿಯನ್ನು ಮುಚ್ಚಿಡುವುದಂತೂ ಆತ್ಮಘಾತಕ. ಬಯಲಾದ ದಿನ ಅರ್ಜಿಯೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ. ಅರ್ಜಿಯನ್ನು ಬೇಸಿಗೆಯ ಆರಂಭದಲ್ಲಿಯೇ ಸಲ್ಲಿಸಬೇಕು. ಬಂದ ಕ್ರಮದಲ್ಲಿ ಪರಿಶೀಲಿಸುವ ಕಾಲೇಜುಗಳೇ ಹೆಚ್ಚಾಗಿರುವುದರಿಂದ, ದುರ್ಬಲ ಅಭ್ಯರ್ಥಿ ತಡಮಾಡಿದರೆ ಇದ್ದ ಅವಕಾಶವನ್ನೂ ಕಳೆದುಕೊಳ್ಳುತ್ತಾನೆ.

ತಾಯ್ನಾಡಿನ ಅಡ್ಡದಾರಿ

ಅಲ್ಲಿ ಸೀಟು ಸಿಗದಿದ್ದರೆ ದಾವಣಗೆರೆಯಲ್ಲೋ ಬೆಳಗಾವಿಯಲ್ಲೋ ಮೈಸೂರಿನಲ್ಲೋ ಬಿ.ಡಿ.ಎಸ್. ಮಾಡಿಸಿ ಕರೆತಂದರಾಯಿತು ಎಂಬ ಮಾತು ನಮ್ಮವರ ಕೂಟಗಳಲ್ಲಿ ಕೇಳಿಬರುತ್ತದೆ. ನಮ್ಮ ನಾಡಿನ ದಂತವೈದ್ಯ ಕಾಲೇಜುಗಳ ಯೋಗ್ಯತೆಯ ಬಗೆಗೆ ನಮಗೆ ಸಂದೇಹವಿಲ್ಲ. ಆದರೆ ಲೆಕ್ಕ ನೋಡಬೇಕು. ಇಲ್ಲಿಯೂ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಬೇಕು. ವ್ಯಾಸಂಗ ನಾಲ್ಕು ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಮರಳಿ ಹೋದ ಮೇಲೆ ಐ.ಎನ್.ಬಿ.ಡಿ.ಇ. ಪರೀಕ್ಷೆ ಮುಗಿಸಿ, ಬಹುತೇಕ ರಾಜ್ಯಗಳಲ್ಲಿ ವೃತ್ತಿ ನಡೆಸಲು ಅಲ್ಲಿಯ ಮಾನ್ಯ ಕಾಲೇಜಿನಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕು; ಆ ಪ್ರವೇಶಕ್ಕೂ ಭಾರಿ ಪೈಪೋಟಿ. ಒಟ್ಟು ಏಳೆಂಟು ವರ್ಷ. ಅಲ್ಲಿಯೇ ಒಂದೆರಡು ವರ್ಷ ಅಂಕ ಸುಧಾರಿಸಿಕೊಂಡು ನಾಲ್ಕು ವರ್ಷ ಓದಿದರೆ ಆರು ವರ್ಷ. ಅಡ್ಡದಾರಿ ಎಂದುಕೊಂಡದ್ದೇ ಸುತ್ತುದಾರಿ. ಭಾರತದಲ್ಲಿಯೇ ನೆಲೆಸಿ ವೃತ್ತಿ ಮಾಡುವ ಸಂಕಲ್ಪವಿದ್ದವರ ಮಾತು ಬೇರೆ.

ಸಾಲದ ಹೊರೆ

ಅಮೆರಿಕದಲ್ಲಿ ಸಾಲ ಮಾಡಿ ದಂತವೈದ್ಯ ಓದಿದವರು ಹೊರಬರುವಾಗ ಹೊತ್ತಿರುವ ಸಾಲ ಸರಾಸರಿ ಮೂರು ಲಕ್ಷ ಡಾಲರುಗಳಷ್ಟಿದೆ. ಅದರ ಮೇಲೆ 2025ರ ಜುಲೈ ತಿಂಗಳಲ್ಲಿ ಅಂಗೀಕೃತವಾದ ಕಾಯ್ದೆಯು, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಪೂರ್ಣ ವೆಚ್ಚ ಭರಿಸುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲವನ್ನು ನಿಲ್ಲಿಸಿ, ವೃತ್ತಿ ವ್ಯಾಸಂಗಕ್ಕೆ ಸರ್ಕಾರದ ಸಾಲವನ್ನು ವರ್ಷಕ್ಕೆ 50,000, ಒಟ್ಟಿಗೆ 2 ಲಕ್ಷ ಡಾಲರುಗಳಿಗೆ ಮಿತಗೊಳಿಸಿದೆ. ಉಳಿದುದನ್ನು ಖಾಸಗಿ ಸಾಲದಿಂದಲೋ ಮನೆಯ ಉಳಿತಾಯದಿಂದಲೋ ಹೊಂದಿಸಬೇಕು. ಅಂಕ ಸುಧಾರಣೆಗೆ ಎರಡು ವರ್ಷ, ಅದಕ್ಕೊಂದು ಸಾಲ, ಆಮೇಲೆ ನಾಲ್ಕು ವರ್ಷದ ಸಾಲ ಎಂದು ಕೂಡಿಸಿ ನೋಡದೆ ಹೆಜ್ಜೆಯಿಡುವುದು ಗೃಹಸ್ಥರಿಗೆ ಸಲ್ಲದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಸಾಗರದಾಚೆಗೂ ನಿಜವೇ.

ಪಾಲಕರಲ್ಲಿ ಒಂದು ಮಾತು

ಇಷ್ಟೆಲ್ಲದರಲ್ಲಿ ಮನೆಯ ಪಾಲು ದೊಡ್ಡದು. ಮಗುವಿನ ಅಂಕಪಟ್ಟಿಯನ್ನು ಮನೆತನದ ಮರ್ಯಾದೆಯ ಪಟ್ಟಿಯಾಗಿ ಮಾಡಬೇಡಿ. ಹಾಗೆ ಮಾಡಿದ ಮನೆಯಲ್ಲಿ ಮಗು ಮೊದಲು ಅಂಕವನ್ನು ಬಚ್ಚಿಡುತ್ತದೆ, ಆಮೇಲೆ ದುಃಖವನ್ನು ಬಚ್ಚಿಡುತ್ತದೆ. ಮೊದಲ ಅವಧಿಯಲ್ಲಿಯೇ ಬಾಯಿಬಿಟ್ಟು ಹೇಳುವ ಧೈರ್ಯ ಅದಕ್ಕಿದ್ದಿದ್ದರೆ ನಾಲ್ಕು ವರ್ಷದ ನಷ್ಟ ನಾಲ್ಕು ತಿಂಗಳಲ್ಲಿ ನಿಲ್ಲುತ್ತಿತ್ತು. ಹೇಳಿಕೊಳ್ಳುವ ಸಲಿಗೆಯನ್ನು ಕೊಡುವವರು ತಂದೆ ತಾಯಿಗಳೇ.

ಇನ್ನೊಂದನ್ನೂ ಕೇಳಿ ತಿಳಿಯಿರಿ: ದಂತವೈದ್ಯನಾಗಬೇಕೆಂಬ ಆಸೆ ಯಾರದು? ಮಗುವಿನದೇ ಆಗಿದ್ದರೆ ಎರಡು ವರ್ಷದ ಕಷ್ಟವನ್ನು ಅದು ಸಹಿಸುತ್ತದೆ. ನಿಮ್ಮದಾಗಿದ್ದರೆ ಅದು ಸಹಿಸಲಾರದು. ಅವಧಿಯೊಂದನ್ನು ಗೊತ್ತುಮಾಡಿ, ಎರಡು ವರ್ಷದ ದುಡಿಮೆ, ಒಂದೆರಡು ಸಲದ ಅರ್ಜಿ. ಮೊದಲ ಸಲ ಸಿಗದೆ ಎರಡನೆಯ ಸಲ ಸೇರಿದವರು ವಿರಳವಲ್ಲ. ಆದರೂ ಆಗದಿದ್ದರೆ ದಂತ ಸ್ವಚ್ಛತಾ ತಜ್ಞರ ವೃತ್ತಿ, ಸಾರ್ವಜನಿಕ ಆರೋಗ್ಯ, ಪ್ರಯೋಗಶಾಲೆಯ ಕೆಲಸ ಮುಂತಾದವು ಮಾನದಿಂದ ಅನ್ನ ಕೊಡುವ ವೃತ್ತಿಗಳೇ. ಆ ನಿರ್ಧಾರಕ್ಕೆ ಬಂದ ಮಗುವನ್ನು ಸೋತವನೆಂದು ಕಾಣದೆ, ತನ್ನ ಬಲಾಬಲವನ್ನು ಅಳೆದು ತಿಳಿದವನೆಂದು ಕಂಡು ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅರ್ಜಿಯ ಫಲ ಕಾಲೇಜಿನ ಕೈಯಲ್ಲಿದೆ. ಇದು ನಿಮ್ಮ ಕೈಯಲ್ಲಿದೆ.